ನನ್ನ ಪಾಲಿಗೆ ಬಂದ ವಚನ

ಘೋರ್ಪಡಿಯ ರೈಲ್ವೆ ಗೇಟು ಮುಚ್ಚಿರಬಹುದಾಗಿತ್ತು. ಮುಚ್ಚಿದ್ದರೆ ನಲವತ್ತು ಡಬ್ಬಿಗಳ ಗೂಡ್ಸ್ ಗಾಡಿಯೊಂದು ಬಸುರಿಯ ಹಾಗೆ ನಿಧಾನವಾಗಿ ದಾಟಬಹುದಾಗಿತ್ತು. ಟಾಂಗಾದ ಗಾಲಿ ಕಳಚಬಹುದಾಗಿತ್ತು. ಗಾಲಿ ಗಟ್ಟಿಯಿದ್ದರೆ ಕುದುರೆ ಮೊಂಡು ಹಿಡಿಯಬಹುದಾಗಿತ್ತು. ಆಸ್ಪತ್ರೆಯ ಬಾಗಿಲಲ್ಲಿ ಕಾವಲುಗಾರ ಪಾಸು ಕೇಳಬಹುದಾಗಿತ್ತು, ಪಾಸು ನನ್ನ ಇನ್ನೊಂದು ಕೋಟಿನ ಕಿಸೆಯಲ್ಲಿ ಉಳಿದಿರಬಹುದಾಗಿತ್ತು. ಹೆಂಗಸರ ವಾರ್ಡಿನಲ್ಲಿ ಇಬ್ಬರು ಸುಗುಣಾಬಾಯಿಯರಿದ್ದು, ಹೊಟ್ಟೆಯ ಶಸ್ತ್ರಕ್ರಿಯೆ ಆಗಬೇಕಾದ ನನ್ನ ಹೆಂಡತಿಯ ಕಾಲು ಕೊಯ್ಯಬಹುದಾಗಿತ್ತು. ಕ್ಲೋರೋಫಾರ್ಮು ಹೆಚ್ಚಾಗಬಹುದಾಗಿತ್ತು. ಕಡಿಮೆಯೂ ಆಗಬಹುದಾಗಿತ್ತು, ಅದು ಇನ್ನೂ ಕೆಟ್ಟದ್ದು. ಡಾಕ್ಟರ ಬಲಗೈಗೆ ಬೆಳಗಿನ ಚಹಾ ಚೆಲ್ಲಿ ಬೆರಳು ಸುಟ್ಟಿರಬಹುದಾಗಿತ್ತು. ಕೆಲಸ ಮುಗಿದ ಮೇಲೆ ಒಳಗೆ ಒಂದು ಕತ್ತರಿ ಉಳಿದುಬಿಡಬಹುದಾಗಿತ್ತು; ಹಾಗೆ ಆದದ್ದುಂಟೆಂದು ಕಚೇರಿಯಲ್ಲಿ ನನ್ನ ಪಕ್ಕದ ಮೇಜಿನವರು ಬಹಳ ಪ್ರೀತಿಯಿಂದ ಹೇಳಿದ್ದರು. ಇಷ್ಟೂ ಸಾಲದೆಂಬಂತೆ, ಆ ಬೆಳಿಗ್ಗೆ ಒಂಬತ್ತು ಗಂಟೆಗೆ ಸರಿಯಾಗಿ ದೇವರು ಬೇರೆ ಕಡೆ ನೋಡುತ್ತಿರಬಹುದಾಗಿತ್ತು. ಈ ಕೊನೆಯದನ್ನು ನಾನು ಮನಸ್ಸಿನ ಪಟ್ಟಿಯಲ್ಲಿ ಸಣ್ಣ ಅಕ್ಷರದಲ್ಲಿ ಬರೆದುಕೊಂಡಿದ್ದೆ.

ಇದೆಲ್ಲ ಈಗ ಯಾಕೆ ನೆನಪಾಯಿತೆಂದರೆ, ಮೊನ್ನೆ ನಮ್ಮ ಮನೆಯ ಹಳೆಯ ಸತ್ಯವೇದವನ್ನು ಹೊಲಿಗೆ ಹಾಕಿಸಲು ಪುಣೆ ಕ್ಯಾಂಪಿನ ಬೈಂಡರನ ಹತ್ತಿರ ಒಯ್ದಿದ್ದ ಮಗಳು ಕರುಣಾ ಪುಸ್ತಕವನ್ನು ಹಾಗೆಯೇ ವಾಪಸು ತಂದಳು.

"ಅಪ್ಪಾ, ಅಂಚು ಕೊರೀಬೇಕಾಗ್ತದಂತ. ಕೊರದ್ರ ಈ ಚುಕ್ಕಿ ಎಲ್ಲಾ ಹೋಗ್ತಾವಂತ. ನಡೀತದೇನು ಕೇಳ್ಕೊಂಡು ಬರ್ರಿ ಅಂದ. ಇವು ಏನು ಚುಕ್ಕಿ?"

ಪುಟದ ಅಂಚಿನಲ್ಲಿ, ವಚನಗಳ ಪಕ್ಕದಲ್ಲಿ, ಪೆನ್ಸಿಲಿನ ಚುಕ್ಕೆಗಳು. ಕೆಲವು ಕಡೆ ಐದು ವಚನಕ್ಕೊಂದು, ಕೆಲವು ಕಡೆ ಏಳಕ್ಕೊಂದು, ಇತ್ತೀಚಿನವು ನಾಲ್ಕಕ್ಕೊಂದು. ಬೈಂಡರನು ಇದನ್ನು ಯಾವುದೋ ಪಂಡಿತರ ಗುರುತೆಂದು ತಿಳಿದು ಭಕ್ತಿಯಿಂದ ಕತ್ತರಿ ಕೆಳಗಿಟ್ಟನಂತೆ. ಓದುಗರಲ್ಲಿ ನಿಜ ಹೇಳಿಬಿಡುತ್ತೇನೆ. ಅವು ಪಾಂಡಿತ್ಯದ ಗುರುತುಗಳಲ್ಲ. ಪುಕ್ಕಲುತನದ ಗುರುತುಗಳು, ಮತ್ತು ಪುಕ್ಕಲ ನಾನೇ.

ಗದಗಿನ ಕಡೆಯ ನಮ್ಮ ಮನೆಯಲ್ಲಿ ಬೆಳಿಗ್ಗೆ ಒಲೆ ಹೊತ್ತಿಸುವ ಮೊದಲು ಒಂದು ಅಧ್ಯಾಯ ಓದಬೇಕು. ಎಲ್ಲರೂ ಚಾಪೆಯ ಮೇಲೆ ಸುತ್ತಲೂ ಕೂತು, ಒಬ್ಬೊಬ್ಬರು ಒಂದೊಂದು ವಚನ ಓದಿ, ಪುಸ್ತಕವನ್ನು ಬಲಗಡೆಯವರ ಕೈಗೆ ಕೊಡಬೇಕು. ಅಧ್ಯಾಯ ಹಾರಿಸುವಂತಿಲ್ಲ. ಬರೀ ಹೆಸರುಗಳೇ ಇರುವ ಅಧ್ಯಾಯವಾದರೂ ಸರಿ, ಕುಷ್ಠರೋಗದ ನಿಯಮಗಳಾದರೂ ಸರಿ, ಬಂದದ್ದನ್ನು ಓದಬೇಕು. ಅಪ್ಪ ಮಿಶನ್ನಿನ ಮಗ್ಗದ ಶಾಲೆಯಲ್ಲಿ ಮೇಸ್ತ್ರಿ. ಎಳೆ ಬಿಟ್ಟರೆ ಬಟ್ಟೆ ಹಾಳು ಎನ್ನುವ ಮನುಷ್ಯ. ಯಾರ ಪಾಲಿಗೆ ಯಾವ ವಚನ ಬರುವುದೋ ಅದನ್ನು ಆ ದಿನ ದೇವರು ಅವರಿಗೆಂದೇ ಕೊಟ್ಟನೆಂದು ಅಪ್ಪನ ನಂಬಿಕೆ. 'ಇವತ್ತು ನಿನ್ನ ಪಾಲಿಗೆ ಏನು ಬಂತು?' ಎಂದು ಮಧ್ಯಾಹ್ನ ಊಟದಲ್ಲಿ ಕೇಳುವುದುಂಟು.

ನನಗೆ ಏಳು ವರ್ಷ. ಮನೆಯಲ್ಲಿ ಆಗ ಐದು ಮಂದಿ, ಅತ್ತಿಗೆಯರು ಬಂದ ಮೇಲೆ ಏಳು. ಓದಲು ಬರುತ್ತಿತ್ತು, ಧೈರ್ಯ ಬರುತ್ತಿರಲಿಲ್ಲ. ಒತ್ತಕ್ಷರದ ಮೇಲೆ ನಾಲಿಗೆ ಎಡವಿದರೆ ಅಣ್ಣಂದಿರು ನಗುತ್ತಿದ್ದರು. ಆದ್ದರಿಂದ ಅಪ್ಪ ಮೊದಲ ವಚನ ಓದುವಷ್ಟರಲ್ಲಿ ನಾನು ಕಣ್ಣಿನಲ್ಲಿಯೇ ಮುಂದೆ ಎಣಿಸಿ, ನನ್ನ ಪಾಲಿಗೆ ಬರುವ ವಚನ ಹುಡುಕಿ, ತುಟಿಯೊಳಗೇ ಹತ್ತು ಸಲ ಓದಿಕೊಂಡು ಸಿದ್ಧನಾಗುತ್ತಿದ್ದೆ. ಎಣಿಸುವುದು ತಪ್ಪಬಾರದೆಂದು ಹಿಂದಿನ ಸಂಜೆಯೇ ಚುಕ್ಕೆ ಇಡುವ ಉಪಾಯ ಆಮೇಲೆ ಹೊಳೆಯಿತು. ಉಳಿದವರು ಏನು ಓದಿದರೆಂದು ಕೇಳಿದರೆ ನನಗೆ ಗೊತ್ತಿರುತ್ತಿರಲಿಲ್ಲ. ನನ್ನ ವಚನಕ್ಕೆ ಮುಂಚೆ ಭಯ, ನನ್ನ ವಚನದ ನಂತರ ನೆಮ್ಮದಿ. ಈ ಎರಡರ ನಡುವೆ ಕಿವಿಗೆ ಕೆಲಸವಿರಲಿಲ್ಲ. ಮಳೆ ಬಂತೇ ಹೋಯಿತೇ, ಇಸ್ರಾಯೇಲರು ಸಮುದ್ರ ದಾಟಿದರೇ ಇಲ್ಲವೇ, ನನಗೆ ಸಂಬಂಧವಿಲ್ಲ. ದಾಟುವ ವಚನ ನನ್ನ ಪಾಲಿಗೆ ಬಂದರೆ ಮಾತ್ರ ದಾಟಿಸುತ್ತಿದ್ದೆ.

ಒಂದು ದಿನ ಬೇರೆ ಊರಿನ ಉಪದೇಶಿಯೊಬ್ಬರು ಮನೆಗೆ ಬಂದು ಚಾಪೆಯ ಮೇಲೆ ನನ್ನ ಪಕ್ಕದಲ್ಲಿಯೇ ಕೂತರು. ಲೆಕ್ಕವೆಲ್ಲ ಒಂದು ಮನೆ ಸರಿಯಿತು. ಚುಕ್ಕೆ ಇಟ್ಟ ನನ್ನ ಸಣ್ಣ, ಸೊಗಸಾದ ವಚನವನ್ನು ಉಪದೇಶಿಗಳು ಒಂದೇ ಉಸಿರಿಗೆ ಓದಿ ಮುಗಿಸಿದರು. ನನಗೆ ಬಂದದ್ದು ಹನ್ನೊಂದು ಹೆಸರುಗಳು, ಒಂದೊಂದೂ ಬಾಯಿ ಮುರಿಯುವಂಥದ್ದು. ಮೂರನೆಯ ಹೆಸರಿಗೆ ಅತ್ತುಬಿಟ್ಟೆ. ಅಪ್ಪ ಅಂದೇ ಚುಕ್ಕೆಗಳನ್ನು ನೋಡಿದ್ದು. ಬಯ್ಯಲಿಲ್ಲ. ಪುಸ್ತಕ ಮುಚ್ಚಿ, ಮಗ್ಗದಲ್ಲಿ ಕಾಯಿಗಟ್ಟಿದ ಹೆಬ್ಬೆರಳಿನಿಂದ ಅದರ ಅಟ್ಟೆಯನ್ನು ಒರೆಸುತ್ತ ಹೇಳಿದ:

"ಸಾಮ್ಯಾ, ನಿನ್ನ ವಚನ ಎಲ್ಲೂ ಓಡಿ ಹೋಗೂದಿಲ್ಲ. ಅದು ಬರೂತನಕಾ ಉಳದವರದು ಕೇಳಪಾ."

ನಾನು ಹೂಂ ಎಂದೆ. ಮರುದಿನದಿಂದ ಚುಕ್ಕೆಗಳನ್ನು ಇನ್ನೂ ಸಣ್ಣದಾಗಿ ಇಡತೊಡಗಿದೆ.

ಇಂಥವನು ದೊಡ್ಡವನಾಗಿ ಪುಣೆಗೆ ಬಂದು ಸರಕಾರಿ ಕಾಲುವೆ ಖಾತೆಯಲ್ಲಿ ನಕ್ಷೆಗಾರನಾದ. ದೇವರು ನನ್ನ ಸ್ವಭಾವವನ್ನು ಬಲ್ಲನೆಂಬುದಕ್ಕೆ ಈ ನೌಕರಿಗಿಂತ ಸಾಕ್ಷಿ ಬೇಡ. ಸೇತುವೆ ಎಷ್ಟು ಭಾರ ತಾಳಬೇಕೋ ಅದರ ನಾಲ್ಕು ಪಟ್ಟು ತಾಳುವಂತೆ ಗೀಟು ಎಳೆಯುವುದೇ ಅಲ್ಲಿಯ ಧರ್ಮ. ಎಲ್ಲಿ ಬಿರುಕು ಬಿಡಬಹುದೆಂದು ಇಡೀ ದಿನ ಯೋಚಿಸಿದರೆ ಮನೆಯಲ್ಲಿ ಬಯ್ಯುತ್ತಾರೆ. ಕಚೇರಿಯಲ್ಲಿ ಅದಕ್ಕೇ ನನ್ನನ್ನು ಇಟ್ಟುಕೊಂಡಿದ್ದರು.

ಮದುವೆಯಾದ ಹೊಸತರಲ್ಲಿ ನಾವಿಬ್ಬರೇ. ಬೆಸ ವಚನಗಳು ನನಗೆ, ಸಮ ವಚನಗಳು ಸುಗುಣಾಳಿಗೆ. ಅಷ್ಟು ಸುಲಭದ ಲೆಕ್ಕ ನನ್ನ ಬಾಳಿನಲ್ಲಿ ಮತ್ತೆ ಬರಲಿಲ್ಲ. ಒಂಬತ್ತನೆಯ ದಿನವೋ ಹತ್ತನೆಯ ದಿನವೋ ಅವಳು ಒಂದರ ಬೆನ್ನಿಗೆ ಇನ್ನೊಂದು, ಎರಡು ವಚನ ಒಟ್ಟಿಗೆ ಓದಿ ಪುಸ್ತಕ ಕೊಟ್ಟಳು. ನಾನು ಎಚ್ಚರವಿಲ್ಲದೆ, ತುಟಿಯಲ್ಲಿ ಸಿದ್ಧವಾಗಿದ್ದ ನನ್ನ ವಚನವನ್ನೇ ಗಂಭೀರವಾಗಿ ಓದಿದೆ.

"ಇದನ್ನ ಈಗರೆ ನಾ ಓದಿದೆ," ಎಂದಳು ಸುಗುಣಾ.

"ಹೌದೇನು?"

"ನನಗ ಸಂಶೇ ಬಂದಿತ್ತು. ನಾ ಓದುಮುಂದ ನಿಮ್ಮ ತುಟಿ ಅಳ್ಳಾಡ್ತಾವು. ಒಂಬತ್ತು ದಿನ ಆತು, ನಾ ಓದಿದ್ದು ಒಂದೂ ನೀವು ಕೇಳಿಲ್ಲ." ನಕ್ಕಳು. ಆ ನಗೆಯಲ್ಲಿ ಸ್ವಲ್ಪ ಬೇಸರವೂ ಇತ್ತು ಎಂದು ಈಗ ಅನಿಸುತ್ತದೆ. ಆಗ ಅದೂ ಕೇಳಿಸಿರಲಿಲ್ಲ.

ಆಮೇಲೆ ಕರುಣಾ ಹುಟ್ಟಿದಳು. ಅಪ್ಪ ತೀರಿದ ಮೇಲೆ ಅವ್ವ ನಮ್ಮಲ್ಲಿಗೆ ಬಂದಳು, ಸತ್ಯವೇದವನ್ನು ಸೀರೆಯಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡು. ಅವ್ವನಿಗೆ ಅಕ್ಷರ ಬಾರದು. ಆದರೆ ನಲವತ್ತು ವರ್ಷ ಕೇಳಿ ಕೇಳಿ ಅರ್ಧ ಪುಸ್ತಕ ಬಾಯಿಪಾಠವಿತ್ತು. ಉಳಿದರ್ಧವನ್ನು ಕರುಣಾ ಪಿಸುಗುಟ್ಟುತ್ತಿದ್ದಳು, ಅವ್ವ ಗಟ್ಟಿಯಾಗಿ ಹೇಳುತ್ತಿದ್ದಳು. ಚಾಪೆಯ ಮೇಲೆ ಕೂಡುವ ಸಾಲು ಗಟ್ಟಿಯಾಯಿತು: ನಾನು, ಅವ್ವ, ಕರುಣಾ, ಒಲೆಯ ಹತ್ತಿರ ಕೊನೆಗೆ ಸುಗುಣಾ. ನಾಲ್ಕಕ್ಕೊಂದು ಚುಕ್ಕೆ.

ಕರುಣಾಳಿಗೆ ಹನ್ನೆರಡು ತುಂಬಿದ ವರ್ಷ ಸುಗುಣಾಳ ಹೊಟ್ಟೆಯಲ್ಲಿ ಗಡ್ಡೆ ಇದೆ ಎಂದು ಗೊತ್ತಾಯಿತು. ದೊಡ್ಡಾಸ್ಪತ್ರೆಯ ಡಾಕ್ಟರು ಮರಾಠಿಯವರು, ಮಿತಭಾಷಿಗಳು. ತೆಗೆಯದೆ ಬಿಟ್ಟರೆ ವರ್ಷ ಕಾಣುವುದು ಕಷ್ಟ, ತೆಗೆಯುವುದೂ ಸುಲಭವಲ್ಲ ಎಂದರು. ನಾನು ಒಂದರ ಮೇಲೊಂದು ಪ್ರಶ್ನೆ ಕೇಳಿದೆ. ಏಳನೆಯ ಪ್ರಶ್ನೆಗೋ ಎಂಟನೆಯದಕ್ಕೋ ಅವರು ಪೆನ್ನಿನ ಟೋಪಿ ಹಾಕುತ್ತ "ದೇವಾವರ ಸೋಡಾ," ಎಂದರು. ದೇವರ ಮೇಲೆ ಬಿಡಿ. ಪಾದ್ರಿಗಳು ಇದೇ ಮಾತು ಹೇಳಿದರೆ ಎದೆಗೆ ತಂಪು. ಡಾಕ್ಟರು ಹೇಳಿದಾಗ ನಾನು ಇನ್ನೆರಡು ಪ್ರಶ್ನೆ ಕೇಳಿದೆ.

ಶಸ್ತ್ರಕ್ರಿಯೆಗೆ ಹನ್ನೊಂದು ದಿನವಿತ್ತು. ಮನೆಗೆ ಬಂದವನೇ ನಾನು ಮಾಡಿದ್ದೇನು? ಪ್ರಾರ್ಥನೆ ಮಾಡಿದೆನೆಂದು ಬರೆಯಲು ಆಸೆ. ಪುಸ್ತಕ ತೆಗೆದು, ಶಸ್ತ್ರಕ್ರಿಯೆಯ ದಿನ ಯಾವ ಅಧ್ಯಾಯ ಬರುತ್ತದೆಂದು ಎಣಿಸಿದೆ. ಇಪ್ಪತ್ತೆರಡು ವಚನಗಳ ಒಂದು ಕೀರ್ತನೆ ಬಂತು. ಒಳ್ಳೆಯ ಕೀರ್ತನೆ, ಸ್ತುತಿಯಿಂದ ತುಂಬಿದ್ದು, ಸಮಾಧಾನವಾಯಿತು. ಅಲ್ಲಿಗೆ ನಿಲ್ಲಿಸಬಹುದಾಗಿತ್ತು. ಚುಕ್ಕೆ ಇಡುತ್ತ ಹೋದೆ. ಮನುಷ್ಯನ ದಿನಗಳು ಹುಲ್ಲಿನಂತೆ ಎಂದು ಹೇಳುವ ಹದಿನೈದನೆಯ ವಚನ ಕರುಣಾಳ ಪಾಲಿಗೆ. ಗಾಳಿ ಬೀಸಿತೆಂದರೆ ಅದು ಇಲ್ಲ, ಅದಿದ್ದ ಜಾಗಕ್ಕೂ ಅದರ ಗುರುತಿಲ್ಲ ಎನ್ನುವ ಹದಿನಾರನೆಯದು ಸುಗುಣಾಳ ಪಾಲಿಗೆ. ಅಲ್ಲಿಂದ ಮುಂದಕ್ಕೆ ಓದದೆ ಪುಸ್ತಕ ಮುಚ್ಚಿದೆ.

ಅಂದಿನಿಂದ ಪುಣೆಯಲ್ಲಿ ಎಲ್ಲೆಲ್ಲೂ ಹುಲ್ಲು. ಈ ಊರಿನಲ್ಲಿ ಅಷ್ಟು ಹುಲ್ಲಿದೆಯೆಂದು ನನಗೆ ತಿಳಿದೇ ಇರಲಿಲ್ಲ. ಬಿಬವೇವಾಡಿ, ಧನಕವಡಿಯ ಹೊಲಗಳಿಂದ ಹುಲ್ಲಿನ ಹೊರೆ ಹೊತ್ತ ಹೆಂಗಸರು ಬೆಳಿಗ್ಗೆ ಟಾಂಗಾ ಅಡ್ಡೆಯ ಮುಂದೆ ಸಾಲಾಗಿ ಕೂತಿರುತ್ತಿದ್ದರು. ವರ್ಷಗಟ್ಟಲೆ ಅವರ ಮುಂದೆಯೇ ಕಚೇರಿಗೆ ಹೋದವನು ಈಗ ಮುಖ ತಿರುಗಿಸಿಕೊಂಡು ಬೇರೆ ಓಣಿ ಹಿಡಿದೆ.

ಒಂದು ದಿನ ಎರಡು ಅಧ್ಯಾಯ ಓದಿಬಿಟ್ಟರೆ ಕೀರ್ತನೆ ಮುಂಚಿನ ದಿನವೇ ಮುಗಿದುಹೋಗುತ್ತದೆ ಎಂದು ಹೊಳೆಯಿತು. ಹಾಗೆ ಮಾಡಿದರೆ ಅವ್ವ 'ಯಾಕ?' ಎನ್ನುತ್ತಾಳೆ, ಸುಗುಣಾ ಏನೂ ಅನ್ನದೆ ನನ್ನ ಮುಖ ನೋಡುತ್ತಾಳೆ. ಎರಡನೆಯದನ್ನು ತಾಳುವ ಶಕ್ತಿ ನನಗಿರಲಿಲ್ಲ. ಓದುಗರೇ, ನೀವು ನಗಬಹುದು. ಲೋಕವನ್ನು ಮಾಡಿದವನಿಗೆ ನನ್ನ ಹೆಂಡತಿಯನ್ನು ಒಪ್ಪಿಸಲಾರದೆ, ಒಂದು ವಚನವನ್ನು ಅವಳ ಪಾಲಿನಿಂದ ತಪ್ಪಿಸಿದರೆ ಸಾವೂ ತಪ್ಪೀತೆಂದು ನಾನು ನಂಬಿದ್ದೆ. ಹೊರಗೆ ಇದನ್ನು ಯಾರಾದರೂ ಮಾಡಿದರೆ ಮೂಢನಂಬಿಕೆ ಎನ್ನುತ್ತಿದ್ದೆ. ಕೈಯಲ್ಲಿ ಸತ್ಯವೇದವಿದ್ದುದರಿಂದ ನನ್ನದನ್ನು ಜಾಗ್ರತೆ ಎಂದುಕೊಂಡೆ.

ದಾರಿ ತೋರಿಸಿದವರು ಗೋದಾಬಾಯಿ. ಸುಗುಣಾಳನ್ನು ಮೂರು ದಿನ ಮೊದಲೇ ವಾರ್ಡಿಗೆ ಸೇರಿಸಿಕೊಂಡಿದ್ದರು. ಪಕ್ಕದ ಮಂಚದಲ್ಲಿ ಈ ಗೋದಾಬಾಯಿ. ಧಾರವಾಡದ ಬ್ರಾಹ್ಮಣರ ಮನೆಯವರು, ಮದುವೆಯಾಗಿ ಇಲ್ಲಿಗೆ ಬಂದು ಮೂವತ್ತು ವರ್ಷ, ಹೆಣ್ಣುಮಕ್ಕಳ ಶಾಲೆಯಲ್ಲಿ ಮಾಸ್ತರಿಣಿ. ಅವರ ಶಸ್ತ್ರಕ್ರಿಯೆ ಹಿಂದಿನ ವಾರವೇ ಆಗಿತ್ತು. ವಾರ್ಡಿನ ಸಿಸ್ಟರು ಬೆಳಿಗ್ಗೆ ಕಾಲು ಗಂಟೆ ನಮ್ಮನ್ನು ಒಳಗೆ ಬಿಡುತ್ತಿದ್ದರು. ನಾವು ಮಂಚದ ಸುತ್ತ ನಿಂತು ಓದುವಾಗ ಗೋದಾಬಾಯಿ ಕಣ್ಣು ಮುಚ್ಚಿ ಕೇಳುತ್ತಿದ್ದರು. ಕನ್ನಡ ಕೇಳಿ ಎಷ್ಟು ದಿನವಾಯಿತು, ದೇವರ ಮಾತಾದರೇನು ಜಗಳವಾದರೇನು, ಕನ್ನಡದಲ್ಲಿದ್ದರೆ ಸಾಕು ಎನ್ನುತ್ತಿದ್ದರು.

ಐದು ಮಂದಿಯಾದರೆ? ಹಳೆಯ ಕಾಲದ ಐದಕ್ಕೊಂದು ಚುಕ್ಕೆ! ಬೆರಳಿನಷ್ಟು ಉದ್ದದ ಪೆನ್ಸಿಲಿನ ತುಂಡು ಹುಡುಕಿ ಎಣಿಸಿದೆ. ಗೋದಾಬಾಯಿ ಸುಗುಣಾಳ ನಂತರ ಓದಿದರೆ ಸುಗುಣಾಳಿಗೆ ಹದಿನಾಲ್ಕನೆಯದು. ನಾವು ಮಣ್ಣೆಂದು ದೇವರು ಮರೆತಿಲ್ಲ ಎಂಬ ವಚನ. ಅಷ್ಟೇನು ಹಿತವಲ್ಲ, ಆದರೆ ಹುಲ್ಲಿಗಿಂತ ಮಣ್ಣು ವಾಸಿ. ಹುಲ್ಲಿನ ವಚನ ಗೋದಾಬಾಯಿಗೆ ಹೋಗುತ್ತಿತ್ತು. ಅವರಿಗೆ ಆಗಲೇ ವಾಸಿಯಾಗಿದೆಯಲ್ಲ ಎಂದು ನಾಚಿಕೆಯಿಲ್ಲದೆ ಸಮಾಧಾನ ಮಾಡಿಕೊಂಡೆ. ಹದಿನಾರನೆಯದು, ಗಾಳಿಯದು, ನನ್ನ ಪಾಲಿಗೆ. ಬರಲಿ. ಅದನ್ನು ನಾನೇ ಹೊರುತ್ತೇನೆ ಎಂದು ಶೂರನಂತೆ ಅಂದುಕೊಂಡು, ಎರಡು ದಿನ ತುಟಿಯೊಳಗೇ ಅದನ್ನು ಓದಿ ಓದಿ ಅಭ್ಯಾಸ ಮಾಡಿದೆ.

ಆ ಬೆಳಿಗ್ಗೆ ರೈಲ್ವೆ ಗೇಟು ತೆರೆದಿತ್ತು. ಟಾಂಗಾದ ಸೀಟಿನ ಕೆಳಗೆ ಹಸಿ ಹುಲ್ಲಿನ ಕಟ್ಟು ಇತ್ತು. ಅದರ ವಾಸನೆಗೆ ನಾನು ಕರವಸ್ತ್ರ ಮೂಗಿಗೆ ಹಿಡಿದು ಕೂತೆ. ವಾರ್ಡಿನಲ್ಲಿ ಸುಗುಣಾ ಎದ್ದು ಕೂತಿದ್ದಳು. ಜಡೆಯನ್ನು ಬಿಗಿಯಾಗಿ ಹೆಣೆದಿದ್ದರು. ಬಳೆ ತೆಗೆದ ಕೈ, ಮಣಿಕಟ್ಟಿಗೆ ಹೆಸರಿನ ಚೀಟಿ. ಚೀಟಿಯನ್ನು ಎರಡು ಸಲ ಓದಿ ನೋಡಿದೆ. ಅವಳ ಹೆಸರೇ ಇತ್ತು.

"ಗೋದಾಬಾಯಾರ, ಇವತ್ತ ನೀವೂ ಓದ್ರಲಾ, ನಮ್ಮ ಸಂಗಡ," ಎಂದೆ, ಆಗಷ್ಟೇ ನೆನಪಾದವನಂತೆ.

"ನಾನಾ? ನಾ ಓದಿದ್ರ ನಿಮ್ಮ ದೇವರು ಸಿಟ್ಟಾಗೂದಿಲ್ಲೇನ್ರಿ?"

"ನಮ್ಮ ದೇವರಿಗೆ ಸಿಟ್ಟು ಬರೂದಾಗಿದ್ರ ಈ ನನ್ನ ಮಗನ ಮ್ಯಾಲೆ ಯಾವಾಗೋ ಬರತಿತ್ತು," ಎಂದಳು ಅವ್ವ. "ನೀವು ಕೂಡ್ರಿ ತಂಗಿ. ಸುಗುಣಾನ ಬಾಜೂಕ ಕೂಡ್ರಿ."

ಸುಗುಣಾ ನನ್ನ ಕೈಯಲ್ಲಿದ್ದ ಪುಸ್ತಕವನ್ನು ನೋಡಿದಳು. ಆಮೇಲೆ ನನ್ನನ್ನು ನೋಡಿದಳು.

ಓದು ಶುರುವಾಯಿತು. ನಾನು, ಅವ್ವ, ಕರುಣಾ, ಸುಗುಣಾ, ಗೋದಾಬಾಯಿ. ಗೋದಾಬಾಯಿ ಶಾಲೆಯಲ್ಲಿ ಓದಿಸುವಂತೆ ಒಂದೊಂದು ಪದವನ್ನೂ ಬಿಡಿಸಿ ಬಿಡಿಸಿ ಓದಿದರು. ಎರಡನೆಯ ಸುತ್ತು. ಮೂರನೆಯ ಸುತ್ತು. ತಂದೆ ಮಕ್ಕಳನ್ನು ಕನಿಕರಿಸುವ ಹಾಗೆ ಎಂಬ ವಚನ ಕರುಣಾಳಿಗೆ ಬಂತು. ಓದುತ್ತ ಓದುತ್ತ ಅವಳು ತಲೆಯೆತ್ತಿ ನನ್ನ ಕಡೆ ನೋಡಿದಳಂತೆ. ನನಗೆ ತಿಳಿಯಲಿಲ್ಲ. ನನ್ನ ತುಟಿ ಅಲುಗುತ್ತಿತ್ತು. ಸುಗುಣಾ ಮಣ್ಣಿನ ವಚನ ಓದಿದಳು. ಗೋದಾಬಾಯಿ ಹುಲ್ಲಿನದನ್ನು, ಹೊಲದ ಹೂವಿನದನ್ನು ಓದಿ ಪುಸ್ತಕವನ್ನು ನನ್ನ ಕೈಗೆ ಕೊಟ್ಟರು.

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ನನ್ನಂಥ ಪುಕ್ಕಲರು ಓದುಗರಲ್ಲೂ ಒಬ್ಬಿಬ್ಬರಿರುತ್ತಾರೆ. ಮುಂದೆ ಏನಾಯಿತೋ ಎಂದು ಅವರು ಪುಟ ಹಾರಿಸಿ ಹೋಗುವ ಮೊದಲು ನಾನೇ ಹೇಳಿಬಿಡುವುದು ಒಳ್ಳೆಯದು. ಕ್ಲೋರೋಫಾರ್ಮು ಹೆಚ್ಚೂ ಆಗಲಿಲ್ಲ, ಕಡಿಮೆಯೂ ಆಗಲಿಲ್ಲ. ಡಾಕ್ಟರ ಕೈ ಸುಟ್ಟಿರಲಿಲ್ಲ. ಎರಡನೆಯ ಸುಗುಣಾಬಾಯಿ ಆ ವಾರ್ಡಿನಲ್ಲಿ ಇರಲೇ ಇಲ್ಲ. ಗಡ್ಡೆ ತೆಂಗಿನಕಾಯಿಯಷ್ಟಿತ್ತಂತೆ, ಪೂರ್ತಿ ಬಂತು. ಒಳಗೆ ಕತ್ತರಿ ಉಳಿಯಿತೇ ಎಂದು ನಾನು ಕೇಳಿಯೇಬಿಟ್ಟೆ. ಡಾಕ್ಟರು ಮೊದಲ ಸಲ ನಕ್ಕರು. ಎರಡು ತಾಸು ನಾನು ವರಾಂಡದ ಬೆಂಚಿನ ಮೇಲೆ ಕೂತಿದ್ದೆ. ಆ ಎರಡು ತಾಸಿನಲ್ಲಿ ಹೆದರಲಿಲ್ಲವೆಂದು ಹೇಳಿದರೆ ಸುಳ್ಳು. ಹೆದರಿದೆ. ಆದರೆ ಎಣಿಸಲಿಲ್ಲ. ಪೆನ್ಸಿಲಿನ ತುಂಡು ಕಿಸೆಯಲ್ಲಿತ್ತು, ಪಟ್ಟಿಯ ಮುಂದಿನ ಸಾಲು ಹೊಳೆಯಲಿಲ್ಲ. ಸಂಜೆ ಸುಗುಣಾ ಕಣ್ಣು ಬಿಟ್ಟು ಕೇಳಿದ ಮೊದಲ ಮಾತು, "ಕರುಣಾ ಉಂಡಳೇನ್ರಿ?" ನಾವು ಯಾರೂ ಉಂಡಿರಲಿಲ್ಲ. ಆಗ ನೆನಪಾಯಿತು.

ಈಗ ಒಂಬತ್ತು ವರ್ಷವಾಯಿತು. ಈ ಮೇಜಿನ ಆಚೆ ಕೂತು ಸುಗುಣಾ ಅವರೆಕಾಳು ಸುಲಿಯುತ್ತಿದ್ದಾಳೆ. ಅವ್ವ ಕಳೆದ ಮಳೆಗಾಲದಲ್ಲಿ ನಿದ್ದೆಯಲ್ಲಿಯೇ ಹೋದಳು. ಆ ದಿನಕ್ಕೆಂದು ನಾನು ಯಾವ ಪಟ್ಟಿಯನ್ನೂ ಮಾಡಿಟ್ಟಿರಲಿಲ್ಲ. ಅಂಚು ಕೊರೆಯಲಿ ಎಂದು ಬೈಂಡರನಿಗೆ ಹೇಳಿ ಕಳಿಸಬೇಕೆಂದಿದ್ದೇನೆ. ಎಣಿಸುವುದನ್ನು ಬಿಟ್ಟಿದ್ದೇನೆಂದಲ್ಲ. ಪೆನ್ಸಿಲನ್ನು ಸುಗುಣಾ ಕಸಿದುಕೊಂಡಿದ್ದಾಳೆ, ಕಣ್ಣಿನಲ್ಲಿ ಎಣಿಸುವುದನ್ನು ಯಾರು ಕಸಿಯಬೇಕು? ಆದರೂ ನಡುನಡುವೆ ಲೆಕ್ಕ ಬಿಟ್ಟು ಯಾರಾದರೂ ಓದುವುದನ್ನು ಕೇಳುತ್ತ ಕೂತುಬಿಡುತ್ತೇನೆ. ನನ್ನ ಸರದಿ ಬಂದಾಗ ಕರುಣಾ ಮೊಣಕೈಯಿಂದ ತಿವಿಯಬೇಕಾಗುತ್ತದೆ.

ಇನ್ನು ಹದಿನಾರನೆಯ ವಚನ.

ಪುಸ್ತಕ ನನ್ನ ಕೈಯಲ್ಲಿತ್ತು. ಅಕ್ಷರಗಳು ಸ್ಪಷ್ಟವಾಗಿದ್ದವು, ಪಕ್ಕದಲ್ಲಿ ನನ್ನ ಹೊಸ ಚುಕ್ಕೆಯೂ ಇತ್ತು. ಬಾಯಿ ತೆರೆದೆ. ನೂರು ಸಲ ಓದಿ ಸವೆಸಿದ ವಚನ, ದನಿ ಬರಲಿಲ್ಲ. ಕೆಮ್ಮಿದೆ. ಮತ್ತೆ ತೆರೆದೆ. ಬರಲಿಲ್ಲ. ಗೋದಾಬಾಯಿ ಕಿಟಕಿಯ ಕಡೆ ನೋಡಿದರು. ಕರುಣಾ ತನ್ನ ಕಾಲಿನ ಹೆಬ್ಬೆರಳು ನೋಡಿದಳು. ಮುಂದಿನದು ತನ್ನ ಸರದಿ ಎಂದು ಕಣ್ಣು ಮುಚ್ಚಿ ಕಾದಿದ್ದ ಅವ್ವ, "ಎಲ್ಲಿ ತಪ್ಪಿಸಿಕೊಂಡ್ಯೋ ಸಾಮ್ಯಾ? ಓದಪಾ," ಎಂದಳು.

ಚೀಟಿ ಕಟ್ಟಿದ ಕೈಯೊಂದು ಬಂದು ಪುಸ್ತಕವನ್ನು ತೆಗೆದುಕೊಂಡಿತು. ಎಲ್ಲಿಂದ ಎಂದು ಸುಗುಣಾ ಕೇಳಲಿಲ್ಲ. ಚುಕ್ಕೆಯ ಮೇಲೆ ಬೆರಳಿಟ್ಟು, ಅಗಸನ ಬಟ್ಟೆಯ ಯಾದಿ ಓದುವ ದನಿಯಲ್ಲಿ ಓದಿದಳು: ಗಾಳಿ ಬೀಸುವುದು, ಅದು ಇಲ್ಲದೆ ಹೋಗುವುದು, ಅದಿದ್ದ ಜಾಗವೂ ಅದನ್ನು ಗುರುತಿಸದೆ ಇರುವುದು. ನಾನು ಹನ್ನೊಂದು ದಿನ ಅವಳಿಂದ ಬಚ್ಚಿಟ್ಟದ್ದನ್ನು ಅವಳು ಕಣ್ಣು ಮಿಟುಕಿಸದೆ ಓದಿದಳು.

ನನ್ನ ಪಾಲಿನ ವಚನ ಮುಗಿದ ಕೂಡಲೆ ನನ್ನ ಕಿವಿ ಮುಚ್ಚುವುದು ರೂಢಿ. ಆದರೆ ಓದಿದವನು ನಾನಲ್ಲವಾದ್ದರಿಂದ ಆ ನೆಮ್ಮದಿ ಬರಲಿಲ್ಲ, ಕಿವಿ ತೆರೆದೇ ಉಳಿಯಿತು. ಸುಗುಣಾ ಅಲ್ಲಿ ನಿಲ್ಲಲಿಲ್ಲ. ಪುಸ್ತಕವನ್ನು ಅವ್ವನ ಕೈಗೆ ಕೊಡದೆ, ಉಸಿರು ಬಿಡದೆ, ಮುಂದಿನದಕ್ಕೂ ಹೋದಳು. ಅದು 'ಆದರೆ' ಎಂದು ಶುರುವಾಗುತ್ತದೆ. ಆದರೆ ದೇವರ ಕೃಪೆಗೆ ಮೊದಲೂ ಇಲ್ಲ ಕೊನೆಯೂ ಇಲ್ಲ, ಅದು ಮಕ್ಕಳ ಮಕ್ಕಳವರೆಗೂ ಇರುವುದು ಎಂದು. ಏಳನೆಯ ವಯಸ್ಸಿನಿಂದ ಆ ಕೀರ್ತನೆಯ ಮುಂದೆ ಎಷ್ಟು ಸಲ ಕೂತಿದ್ದೇನೋ. ಹುಲ್ಲಿನ ಮಾತು ಹುಲ್ಲಿಗೇ ಮುಗಿಯುವುದಿಲ್ಲವೆಂದು, ಅದರ ಆಚೆಗೊಂದು 'ಆದರೆ' ಇದೆಯೆಂದು ನನಗೆ ಗೊತ್ತೇ ಇರಲಿಲ್ಲ.

ಅವ್ವ ಕಣ್ಣು ತೆರೆದಳು. "ಏ ಸುಗುಣಾ, ಅದು ನನ್ನ ವಚನ ಆಗಿತ್ತಲ್ಲವಾ!"

"ತಪ್ಪಾತ್ರಿ ಅತ್ತಿ. ಒಂದ ಉಸರಿನ್ಯಾಗ ಬಂದುಬಿಡ್ತು."

"ಈಗ ಮುಂದಿಂದು ಯಾರದು ಹಂಗಾರ?"

ಯಾರಿಗೂ ತಿಳಿಯಲಿಲ್ಲ. ಅವ್ವ ತನ್ನದೆಂದಳು, ಕರುಣಾ ತನ್ನದೆಂದಳು, ಗೋದಾಬಾಯಿ ತಮ್ಮದೇ ಇರಬೇಕೆಂದು ಕೈ ಚಾಚಿದರು. ಪುಸ್ತಕ ಮಂಚದ ಮೇಲೆ ಮೂವರ ಕೈಯಲ್ಲಿ ಒಂದು ಗಳಿಗೆ ಜಗ್ಗಾಡಿತು. ಉಳಿದ ಐದು ವಚನಗಳನ್ನು ಯಾರು ಯಾರು ಓದಿದರೋ ನನಗೆ ನೆನಪಿಲ್ಲ. ಏನು ಓದಿದರೆಂಬುದು ಮಾತ್ರ ನೆನಪಿದೆ. ಆ ಬೆಳಿಗ್ಗೆ ಕೆಟ್ಟದ್ದು ಅದೊಂದೇ: ಸರದಿ ತಪ್ಪಿತು.